ನಿಂತು ಹೋಗಬೇಕಾದ ಬಸ್ಸು

ನಮ್ಮ ಬಡಾವಣೆಯಲ್ಲಿ ಮೊದಲು ಎದ್ದದ್ದು ಮನೆಯಲ್ಲ, ಬಸ್ ತಂಗುದಾಣ. ರಾಯಕೋಟೆ ರಸ್ತೆಯಲ್ಲಿ, ತಮಿಳುನಾಡಿಗೆ ಸೇರಿದ ಗಡಿಯೂರು ಹೊಸೂರು ಮುಗಿದು ಸಾನಮಾವು ಕಾಡು ಇನ್ನೂ ಶುರುವಾಗದ ಜಾಗ ಅದು. ಹುರುಳಿ ಬೆಳೆಯುತ್ತಿದ್ದ ಹೊಲಗಳನ್ನು ಸೈಟು ಮಾಡಿ ಮಾರಿದ ಮಾಲೀಕರು ಚರಂಡಿಗಿಂತ ಮುಂಚೆ, ಕೊಳಾಯಿಗಿಂತ ಮುಂಚೆ, ಬೀದಿದೀಪದ ಕಂಬಕ್ಕಿಂತ ಮುಂಚೆ ರಸ್ತೆಯಂಚಿಗೆ ಒಂದು ತಂಗುದಾಣ ಕಟ್ಟಿಸಿದರು. ಅದರ ಹಿಂಗೋಡೆಯ ಮೇಲೆ ಒಂದು ಹಸಿರು ಬಸ್ಸಿನ ಚಿತ್ರ ಬರೆಸಿದರು. ಡ್ರೈವರ್ ನಗುತ್ತಿದ್ದ. ಕಿಟಕಿಯಲ್ಲಿ ಕೂತ ಹೆಂಗಸೊಬ್ಬಳು ಕೈ ಬೀಸುತ್ತಿದ್ದಳು. ಆ ತಂಗುದಾಣದಲ್ಲಿ ಬಿಸಿಲು ಮಳೆ ಎನ್ನದೆ ನಿಂತಿರುತ್ತಿದ್ದ ಬಸ್ಸು ಅದೊಂದೇ.

ಮಾಲೀಕರ ಕರಪತ್ರದಲ್ಲಿ 'ಬಸ್ ನಿಲ್ದಾಣಕ್ಕೆ ಸೊನ್ನೆ ನಿಮಿಷ' ಎಂದು ದಪ್ಪ ಅಕ್ಷರದಲ್ಲಿತ್ತು. ಬೆಂಗಳೂರಿನಲ್ಲಿ ಇನ್ನೂ ಗುಂಡಿಯನ್ನೇ ತೋಡದಿದ್ದ ಮೆಟ್ರೋ ರೈಲು ಒಂದು ದಿನ ಹೊಸೂರಿಗೂ ಬಂದೇ ಬರುತ್ತದೆ ಎಂದು ಅದರ ಕೆಳಗೆ ರೈಲಿನ ಚಿತ್ರವೂ ಇತ್ತು. ಮಾಲೂರು ಕಡೆಯಿಂದ ಬಂದು ಹೊಸೂರಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಿದ್ದ ಅಪ್ಪ ಆ ಕರಪತ್ರವನ್ನು ಎರಡು ಸಲ ಓದಿ, ಮತ್ತಿಗಿರಿಯ ಬಾಡಿಗೆ ಮನೆ ಬಿಟ್ಟು, ತಂಗುದಾಣದ ಹಿಂದಿನ ಸಾಲಿನಲ್ಲೇ ಸೈಟು ಹಿಡಿದು ಮನೆ ಕಟ್ಟಿಸಿದರು. ಕರಪತ್ರ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯಿಂದ ನಿಲ್ದಾಣಕ್ಕೆ ಸಮಯವೇ ಬೇಕಿರಲಿಲ್ಲ. ನಿಲ್ದಾಣಕ್ಕೆ ಬಸ್ಸು ಬರಲು ಎಷ್ಟು ಹೊತ್ತು ಎಂಬುದನ್ನು ಮಾತ್ರ ಅದು ಹೇಳಿರಲಿಲ್ಲ, ಅಪ್ಪ ಕೇಳಿಯೂ ಇರಲಿಲ್ಲ.

ಸಾರಿಗೆ ಬಂದ ಕಡೆ ಊರು ಬೆಳೆಯುತ್ತದೆ ಎಂದು ಹೇಳುವುದನ್ನು ಕೇಳಿದ್ದೇನೆ. ನಮ್ಮಲ್ಲಿ ಊರೇ ಮೊದಲು ಬೆಳೆದು, ಸಾರಿಗೆಗೆ ಕಾಯುತ್ತ ಕೂತಿತು. ತಂಗುದಾಣದ ಪಕ್ಕಕ್ಕೆ ಬೋಂಡ ಕರಿಯುವ ಟೀ ಅಂಗಡಿ ಬಂತು. ಅದರ ಪಕ್ಕ ಟೈಲರ್, ಜೆರಾಕ್ಸ್, ಕ್ಷೌರದಂಗಡಿ ಬಂದವು. ಎದುರಿಗೆ ಬಸ್ಸಿಗಾಗಿ ಕಾದು ಬೇಸತ್ತವರನ್ನು ನಂಬಿ ಮೂರು ಆಟೋಗಳು ನಿಂತವು. ಕೊನೆಗೆ ತಮಿಳಿನವರು ಪಿಳ್ಳೆಯಾರ್ ಎನ್ನುವ ಗಣಪತಿಗೆ ಒಂದು ಗುಡಿಯೂ ಎದ್ದಿತು. ಬಸ್ಸು ಬರಲೆಂದು ಹರಕೆ ಹೊರಲು ಅನುಕೂಲವಾಯಿತು.

ಬಸ್ಸು ಇಲ್ಲವೇ ಇಲ್ಲ ಎಂದಲ್ಲ. ಹೊಸೂರಿನಿಂದ ಸಾನಮಾವು ಕಾಡು ದಾಟಿ ಉದ್ದನಪಲ್ಲಿಗೆ ಹೋಗುವ ಟೌನ್ ಬಸ್ಸು ಬೆಳಿಗ್ಗೆ ಏಳೂಕಾಲಕ್ಕೆ ನಮ್ಮ ಮುಂದೆಯೇ ಹೋಗುತ್ತಿತ್ತು. ಸಂಜೆ ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತು. ಎರಡು ಹೊತ್ತೂ ನಿಲ್ಲುತ್ತಿರಲಿಲ್ಲ. ತಂಗುದಾಣ ಕಟ್ಟಿದ್ದು ಸೈಟಿನ ಮಾಲೀಕರು. ಬಸ್ಸಿನವರ ಪಟ್ಟಿಯಲ್ಲಿ ಅದಿರಲಿಲ್ಲ. ಕೈ ಅಡ್ಡ ಹಾಕಿದರೆ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಹಾಕಿ, 'ಸ್ಟಾಪಿಂಗ್ ಇಲ್ಲೆ', ಅಂದರೆ ಇಲ್ಲಿ ನಿಲುಗಡೆ ಇಲ್ಲ, ಎಂದು ತಮಿಳಿನಲ್ಲಿ ಗಾಳಿಯಲ್ಲಿ ತೇಲಿಬಿಟ್ಟು ಹೋಗುತ್ತಿದ್ದರು.

ಅಪ್ಪನ ಕಂಪನಿಯವರು ಪ್ರತಿ ಹೊಸ ವರ್ಷಕ್ಕೆ ಕೊಡುತ್ತಿದ್ದ ಡೈರಿ ನನ್ನ ಪಾಲಿಗೆ ಬರುತ್ತಿತ್ತು. ೨೦೦೬ರಲ್ಲಿ ನಾನು ಹನ್ನೊಂದನೆಯ ತರಗತಿಗೆ ಸೇರಿದೆ. ಆ ವರ್ಷದ ಡೈರಿಯಲ್ಲಿ ಬಸ್ಸಿಗೆಂದೇ ಎರಡು ಕಾಲಂ ಹಾಕಿದ್ದೆ: 'ಹೋದವು', 'ನಿಂತವು'. ಹೋದವು ಎಂಬ ಕಾಲಂ ತುಂಬಿ ಪಕ್ಕದ ಪುಟಕ್ಕೆ ಹರಿದಿತ್ತು. ನಿಂತವು ಎಂಬುದರಲ್ಲಿ ಜೂನ್ ತಿಂಗಳಿಗೆ ಒಂದೇ ನಮೂದು: '೧೪, ಬುಧವಾರ. ಟೈರ್ ಪಂಕ್ಚರ್.'

ಇದೆಲ್ಲ ಅಲ್ಲಿಯವರೆಗೆ ನಮಗೆ ತಮಾಷೆಯಾಗಿಯೇ ಇತ್ತು. ಅಪ್ಪನ ಕಂಪನಿ ಬಸ್ಸು ಎದುರು ದಿಕ್ಕಿಗೆ ಹೋಗುವಂಥದ್ದು, ಅವರನ್ನು ಮನೆ ಮುಂದೆಯೇ ಹತ್ತಿಸಿಕೊಳ್ಳುತ್ತಿತ್ತು. ನಾನು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಆಗಸ್ಟ್ ತಿಂಗಳಲ್ಲಿ ಅಮ್ಮನಿಗೆ ಹೂವಿನ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಬಸ್ಸು ತಮಾಷೆಯಾಗಿ ಉಳಿಯಲಿಲ್ಲ.

ಕಾಡು ದಾಟಿದ ಮೇಲೆ, ಉದ್ದನಪಲ್ಲಿಗೆ ಸ್ವಲ್ಪ ಮುಂಚೆ, ಪ್ಲಾಸ್ಟಿಕ್ ಚಪ್ಪರದ ಕೆಳಗೆ ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವ ಕಂಪನಿ ಅದು. ದಂಟಿನ ಉದ್ದ ನೋಡಿ ಹೂವನ್ನು ಬೇರೆ ಬೇರೆ ಮಾಡಿ ಕಟ್ಟು ಕಟ್ಟುವುದು ಅಮ್ಮನ ಕೆಲಸ. ಮದುವೆಯಾದಾಗಿನಿಂದ ಅಮ್ಮ ಹೊರಗೆ ದುಡಿದಿರಲಿಲ್ಲ. ಮೊದಲ ವಾರ ಕೈಯೆಲ್ಲ ಮುಳ್ಳು ಗೀರಿಸಿಕೊಂಡು ಬಂದರೂ ಮುಖದಲ್ಲಿ ನಾವು ಕಂಡಿರದ ಒಂದು ಗತ್ತು ಬಂದಿತ್ತು. ಕಂಪನಿಯ ಷರತ್ತು ಇಷ್ಟೇ: ಎಂಟು ಗಂಟೆಗೆ ಗೇಟು ಮುಚ್ಚುತ್ತದೆ. ಮುಚ್ಚಿದ ಮೇಲೆ ಬಂದವರು ಮನೆಗೆ ಹೋಗಬೇಕು. ಪೊಂಗಲ್‌ವರೆಗೆ ನೋಡಿ, ಸರಿಯಾಗಿ ಬಂದವರನ್ನು ಕಾಯಂ ಮಾಡುತ್ತಾರೆ, ಉಳಿದವರನ್ನು ಬಿಡುತ್ತಾರೆ.

ಆ ಕಡೆಗೆ ಇದ್ದದ್ದು ಆ ಒಂದೇ ಬಸ್ಸು. ಹಾಗಾಗಿ ಅಮ್ಮ ಬೆಳಿಗ್ಗೆ ಬೇಗ ಎದ್ದು, ಅಡುಗೆ ಮುಗಿಸಿ, ಉದ್ದನಪಲ್ಲಿಗೆ ಬೆನ್ನು ಮಾಡಿ ಹೊಸೂರಿನ ಕಡೆಗೆ ಅರ್ಧ ಗಂಟೆ ನಡೆಯುತ್ತಿದ್ದಳು. ಅಲ್ಲಿ, ಪಟ್ಟಿಯಲ್ಲಿರುವ ಹಿಂದಿನ ನಿಲ್ದಾಣದಲ್ಲಿ ಬಸ್ಸು ಹತ್ತಿ, ನಡೆದ ದಾರಿಯಲ್ಲೇ ವಾಪಸು ಬರುತ್ತಿದ್ದಳು. ಬಸ್ಸು ನಮ್ಮ ಮನೆಯ ಮುಂದೆ ಹಾಯುವಾಗ ಕಿಟಕಿಯಿಂದ ನಮ್ಮ ಬಾಗಿಲನ್ನು ನೋಡುತ್ತಿದ್ದಳು. ಹಾಲು ಒಳಗೆ ಇಟ್ಟಿಲ್ಲ, ಬಟ್ಟೆ ಮಳೆಗೆ ನೆನೆಯುತ್ತಿದೆ, ಇತ್ಯಾದಿ ಸೂಚನೆಗಳು ಓಡುವ ಬಸ್ಸಿನಿಂದ ನನಗೆ ಬಂದು ಬೀಳುತ್ತಿದ್ದವು. ಕೆಲವು ದಿನ ಪೂರ್ತಿ ವಾಕ್ಯ ಕೇಳಿಸುತ್ತಿರಲಿಲ್ಲ. 'ಕುಕ್ಕರ್' ಎಂಬುದಷ್ಟೇ ಕೇಳಿಸಿದ ದಿನ ನಾನು ಅದನ್ನು ಇಳಿಸಬೇಕೋ ಏರಿಸಬೇಕೋ ತಿಳಿಯದೆ ಇಳಿಸಿ ಏರಿಸಿ ಎರಡೂ ಮಾಡಿದ್ದೆ.

ಕಾಡಿನ ತಿರುವಿನಲ್ಲಿ ಆನೆಗಳು ನಿಂತಿದ್ದರೆ ಆ ಬಸ್ಸು ಹಾರ್ನು ಕೂಡ ಹಾಕದೆ, ಅವು ದಾಟುವವರೆಗೆ ಕಾಯುತ್ತಿತ್ತು. ಒಂದು ಸಂಜೆ ಅದನ್ನು ಹೇಳುತ್ತ ಅಮ್ಮ ಕಾಲು ಒತ್ತಿಕೊಂಡಳು.

"ಆನೆ ಬಂದ್ರೆ ಎಷ್ಟೊತ್ತಾದ್ರೂ ನಿಲ್ಲುಸ್ತಾನೆ. ನಾನು ಕೈ ಅಡ್ಡ ಹಾಕಿದ್ರೆ ನಿಲ್ಸಲ್ಲ. ನಾನೇನು ಕಣ್ಣಿಗೆ ಕಾಣ್ದಷ್ಟು ಸಣ್ಣಗಿವ್ನಾ?"

ಅಪ್ಪ ಅಮ್ಮನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಪೇಪರು ಬಿಡಿಸಿಕೊಂಡರು.

ಬಡಾವಣೆಗೆ ಒಂದು ಸಂಘವಿತ್ತು. ಅದರ ಅಧ್ಯಕ್ಷರು ಹೊಸೂರಿನ ಹಳೆಯ ಮನೆತನದವರು, ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಆಡಿ ಮೂರರಲ್ಲೂ ತಮಗೆ ಸಮಾನ ಹಿಡಿತವಿದೆ ಎಂದು ನಂಬಿದ್ದರು. ಭಾನುವಾರದ ಸಭೆಯಲ್ಲಿ ಅಮ್ಮ ಬಸ್ಸಿನ ವಿಷಯ ಎತ್ತಿದಳು. ಸಭೆ ಮೊದಲು ಮೆಟ್ರೋ ಬಗ್ಗೆ ಚರ್ಚಿಸಿತು. ಮೆಟ್ರೋ ನಿಲ್ದಾಣ ಪಿಳ್ಳೆಯಾರ್ ಗುಡಿಯ ಬಲಕ್ಕಿರಬೇಕೋ ಎಡಕ್ಕಿರಬೇಕೋ ಎಂಬುದರಲ್ಲಿ ಒಮ್ಮತ ಬರಲಿಲ್ಲ. ಆಮೇಲೆ ವರ್ತುಲ ರಸ್ತೆ ಚರ್ಚೆಗೆ ಬಂತು. ಅದು ತಮ್ಮ ಸೈಟಿನ ಪಕ್ಕ ಬರಲಿ, ಸೈಟಿನ ಮೇಲೆ ಬರುವುದು ಬೇಡ ಎಂದು ಎಲ್ಲರೂ ಒಪ್ಪಿದರು. ಮುಂದಿನ ಇಪ್ಪತ್ತು ವರ್ಷದ ಯೋಜನೆ ಮುಗಿಯುವ ಹೊತ್ತಿಗೆ ಟೀ ಬಂತು. ಅಮ್ಮ ಇನ್ನೊಮ್ಮೆ ಎದ್ದು, ನಾಳೆ ಬೆಳಿಗ್ಗೆ ಏಳೂಕಾಲರ ಬಸ್ಸಿನ ಬಗ್ಗೆ ಏನಾದರೂ ಇದೆಯೇ ಎಂದು ಕೇಳಿದಳು.

ಅರ್ಜಿ ಕೊಡುವುದೆಂದು ತೀರ್ಮಾನವಾಯಿತು. ಟೀ ಅಂಗಡಿಯವರು ಮಾತ್ರ ಸಹಿ ಹಾಕಲು ಒಪ್ಪಲಿಲ್ಲ. ಕಾಯುವವರಿದ್ದರೆ ತಾನೇ ಬೋಂಡ ಖರ್ಚಾಗುವುದು, ಬಸ್ಸು ನಿಂತು ಎಲ್ಲರೂ ಹೊರಟುಹೋದರೆ ತನ್ನ ಗತಿಯೇನು ಎಂದು ಅವರು ನೇರವಾಗಿ ಕೇಳಿದರು. ಇಡೀ ಸಭೆಯಲ್ಲಿ ಸಾರಿಗೆಗೂ ಊರಿನ ಬೆಳವಣಿಗೆಗೂ ಇರುವ ಸಂಬಂಧವನ್ನು ಅಷ್ಟು ಸ್ಪಷ್ಟವಾಗಿ ತಿಳಿದಿದ್ದವರು ಅವರೊಬ್ಬರೇ.

ಅರ್ಜಿ ತಮಿಳಿನಲ್ಲಿರಬೇಕಿತ್ತು. ನಮ್ಮ ಮಾತೆಲ್ಲ ಕನ್ನಡದಲ್ಲಿ ನಡೆದಿತ್ತು: ಬಸ್ಸು ನಮ್ಮಲ್ಲಿ ನಿಂತು ಹೋಗಬೇಕು. ಅಧ್ಯಕ್ಷರು ಒಂದೊಂದೇ ಪದವನ್ನು ಎತ್ತಿ ತಮಿಳಿಗೆ ದಾಟಿಸಿದರು. ನಿಂತು ಎಂಬುದು 'ನಿನ್ರು' ಆಯಿತು. ಹೋಗ ಎಂಬುದು 'ಪೋಗ' ಆಯಿತು. ಬೇಕು ಎಂಬುದು 'ವೇಂಡುಂ' ಆಯಿತು. ವಿಷಯದ ಸಾಲು ಉದ್ದವಾಗಬಾರದೆಂದು ತಂಗುದಾಣದ ಹೆಸರನ್ನು ಅಲ್ಲಿಂದ ತೆಗೆದುಹಾಕಿದರು. ಹೀಗೆ ಅರ್ಜಿಯ ನೆತ್ತಿಯ ಮೇಲೆ ಉಳಿದ ಸಾಲು: 'ವಿಷಯ: ಉದ್ದನಪಲ್ಲಿ ಬಸ್ಸು ನಿಂತು ಹೋಗಬೇಕಾದ ಬಗ್ಗೆ.' ಕೆಳಗೆ ಬಡಾವಣೆಯವರೆಲ್ಲರ ಸಹಿ ಬಿತ್ತು. ಅಮ್ಮ ಮೂರನೆಯವಳಾಗಿ, ಬಿಡಿಸಿ ಬಿಡಿಸಿ ಕನ್ನಡದಲ್ಲಿ ಸಹಿ ಹಾಕಿದಳು.

ಅಕ್ಟೋಬರ್ ತಿಂಗಳ ಒಂದು ಸಂಜೆ ಬಸ್ಸಿಳಿದು ನಡೆದು ಬಂದ ಅಮ್ಮ ಬ್ಯಾಗನ್ನು ಕೆಳಗೆ ಇಡದೆ ಬಾಗಿಲಲ್ಲೇ ನಿಂತಳು. ಇಳಿಯುವಾಗ ಕಂಡಕ್ಟರ್ ಹೇಳಿದ್ದನ್ನು ಹಾಗೆಯೇ ಒಪ್ಪಿಸಿದಳು.

"ನಾಳೆಯಿಂದ ಈ ವಂಡಿ ಇಲ್ಲ ಕಣಕ್ಕಾ ಅಂದ. ನಿಮ್ ನಗರ್ದೋರೇ ಬರ್ಕೊಟ್ಟವ್ರಂತೆ, ಬಸ್ಸು ನಿಂತೋಗ್ಲಿ ಅಂತ."

ಬಸ್ಸು ನಿಂತುಹೋಗಿತ್ತು.

ಮರುದಿನ ಅಧ್ಯಕ್ಷರು ಡಿಪೋಗೆ ಹೊರಟರು. ಅಮ್ಮ ರಜೆ ಹಾಕಿ ಜೊತೆಗೆ ಹೋದಳು. ಹೇಗೂ ಬಸ್ಸಿಲ್ಲದೆ ಅಂದು ಗೇಟು ಮುಟ್ಟುವಂತಿರಲಿಲ್ಲ. ನಡೆದದ್ದನ್ನು ಬರೆದುಕೊಳ್ಳಲಿ ಎಂದು ನನ್ನನ್ನೂ ಕರೆದರು. ಅಲ್ಲಿದ್ದ ಅಧಿಕಾರಿ ತಮಿಳುನಾಡಿನ ತೆಂಕಣ ತುದಿಯವರು, ಮೃದುವಾದ ಮಾತಿನವರು. ನಮ್ಮ ಅರ್ಜಿಯನ್ನು ಕಡತದಿಂದ ತೆಗೆದು ಮೇಜಿನ ಮೇಲೆ ಇಟ್ಟರು. ವಿಷಯದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ಆ ಮಾರ್ಗದಲ್ಲಿ ಕಲೆಕ್ಷನ್ ಕಡಿಮೆ, ಬಸ್ಸನ್ನು ತೆಗೆಯಬೇಕೆಂದು ಬಹಳ ದಿನದಿಂದ ಯೋಚನೆಯಿತ್ತು, ಜನ ಗಲಾಟೆ ಮಾಡುತ್ತಾರೆಂದು ಹೆದರಿದ್ದೆವು ಎಂದರು. ಜನರೇ ಒಗ್ಗಟ್ಟಾಗಿ ಬಂದು ಬಸ್ಸು ಬೇಡವೆಂದಾಗ ನಮಗೆ ಎಷ್ಟು ಸಮಾಧಾನವಾಯಿತು ಗೊತ್ತೇ ಎಂದು ಅವರು ನಿಜವಾದ ಕೃತಜ್ಞತೆಯಿಂದಲೇ ಹೇಳಿದರು.

ಅಧ್ಯಕ್ಷರು ತಾವು ಬರೆದದ್ದು ಹಾಗಲ್ಲ ಎಂದರು. ಅಧಿಕಾರಿ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು. ಬಸ್ಸು ನಿಂತು ಮುಂದೆ ಹೋಗಬೇಕೆಂದಿದ್ದರೆ ತಮಿಳಿನಲ್ಲಿ 'ನಿನ್ರು ಸೆಲ್ಲ' ಎಂದು ಬರೆಯಬೇಕು, 'ನಿನ್ರು ಪೋಗ' ಎಂದರೆ ಇಲ್ಲವಾಗುವುದು, ಮುಗಿಯುವುದು, ಹೃದಯ ನಿಂತುಹೋಗುವ ಹಾಗೆ ಎಂದು ತಾಳ್ಮೆಯಿಂದ ವಿವರಿಸಿದರು. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು, ನಡುವೆ ಜಾಗ ಬಿಟ್ಟರೆ ಒಂದರ್ಥ, ಬಿಡದಿದ್ದರೆ ಇನ್ನೊಂದು ಎಂದು ಅಧ್ಯಕ್ಷರು ವಾದಿಸಿದರು. ತಾವು ಜಾಗ ಬಿಟ್ಟಿದ್ದೇವೆ ಎಂದು ಬೆರಳಿಟ್ಟು ತೋರಿಸಿದರು. ಅಷ್ಟು ಸಣ್ಣ ಜಾಗದಲ್ಲಿ ಬಸ್ಸು ನಿಲ್ಲಿಸಲಾಗದು ಎಂದರು ಅಧಿಕಾರಿ.

ವ್ಯಾಕರಣ ಮುಂದುವರಿಯುವ ಲಕ್ಷಣ ಕಂಡು ಅಮ್ಮ ನಡುವೆ ಬಾಯಿ ಹಾಕಿದಳು. ಅವಳಿಗೆ ತಮಿಳು ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ.

"ಸಾರ್, ನಾವು ಕೇಳಿದ್ದು ನಿಂತ್ಕೊಂಡು ಹೋಗ್ಲಿ ಅಂತ."

ಅಧಿಕಾರಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ನಿಂತುಕೊಂಡು ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲಮ್ಮ, ಪ್ರತಿ ಬಸ್ಸಿನಲ್ಲೂ ಇಷ್ಟು ಜನ ನಿಲ್ಲಬಹುದು ಎಂದು ಬರೆದೇ ಇರುತ್ತದೆ ಎಂದರು.

ಕೊನೆಗೆ ಅವರು ದಾರಿಯೊಂದನ್ನು ಹೇಳಿಕೊಟ್ಟರು. ನಿಂತುಹೋದ ಬಸ್ಸನ್ನು ಮತ್ತೆ ಬಿಡಲು ನಿಯಮದಲ್ಲಿ ಅವಕಾಶವಿಲ್ಲ. ಹೊಸ ಬಸ್ಸನ್ನು ಬಿಡಲು ಅವಕಾಶವಿದೆ. ಹೊಸ ಬಸ್ಸು ಎಂದರೆ ಸಮೀಕ್ಷೆಯಾಗಬೇಕು, ಮೇಲಿನವರು ಒಪ್ಪಬೇಕು, ದೊಡ್ಡವರೊಬ್ಬರು ಬಂದು ಉದ್ಘಾಟನೆ ಮಾಡಬೇಕು. ಹೊಸದಾಗಿ ಬಿಡುವಾಗ ನಿಲ್ದಾಣದ ಪಟ್ಟಿಯೂ ಹೊಸದೇ, ನಿಮ್ಮ ತಂಗುದಾಣವನ್ನೂ ಅದರಲ್ಲಿ ಸೇರಿಸಬಹುದು. ಅಧ್ಯಕ್ಷರು ಉತ್ಸಾಹದಿಂದ ತಲೆಯಾಡಿಸಿದರು. ಎಷ್ಟು ದಿನ ಹಿಡಿಯುತ್ತದೆ ಎಂದು ಅಮ್ಮ ಕೇಳಿದಳು. ಅಧಿಕಾರಿ ಫ್ಯಾನಿನ ಕಡೆ ನೋಡಿದರು.

ಆ ದಿನಗಳಲ್ಲಿ ಅಮ್ಮನನ್ನು ಉಳಿಸಿದ್ದು ಟೊಮೇಟೊ. ಉದ್ದನಪಲ್ಲಿ ಕಡೆಯ ಟೆಂಪೋಗಳು ಮುಂಜಾನೆ ಹೊಸೂರಿನ ಮಂಡಿಗೆ ಟೊಮೇಟೊ ಇಳಿಸಿ, ಖಾಲಿ ಕ್ರೇಟು ಹೇರಿಕೊಂಡು ಏಳರ ಸುಮಾರಿಗೆ ವಾಪಸಾಗುತ್ತಿದ್ದವು. ಅವುಗಳಿಗೆ ಪಟ್ಟಿಯಿರಲಿಲ್ಲ, ಸ್ಟಾಪಿಂಗ್ ಇರಲಿಲ್ಲ, ಕೈ ಎತ್ತಿದ ಕಡೆ ನಿಲ್ಲುತ್ತಿದ್ದವು. ಅಮ್ಮ ಮತ್ತು ಅವಳ ಜೊತೆಯ ಕೆಲವು ಹೆಂಗಸರು ಕ್ರೇಟುಗಳ ನಡುವೆ ಸೆರಗು ಬಿಗಿದು ನಿಂತು ಕಾಡು ದಾಟುತ್ತಿದ್ದರು. ಹಾಗೆ ನೋಡಿದರೆ ಆ ವರ್ಷ ನಮ್ಮ ಭಾಗದಲ್ಲಿ ಸರಿಯಾಗಿ ನಡೆದ ಸಾರ್ವಜನಿಕ ಸಾರಿಗೆ ಅದೊಂದೇ. ಆದರೆ ಟೊಮೇಟೊಗೆ ಬೆಲೆ ಬಿದ್ದ ದಿನ ಟೆಂಪೋ ಬರುತ್ತಿರಲಿಲ್ಲ. ಕೊಯ್ಲು ಇಲ್ಲದ ದಿನವೂ ಬರುತ್ತಿರಲಿಲ್ಲ. ಹಾಗಾದಾಗ ತಡವಾಗಿ ಸಿಕ್ಕ ಗಾಡಿ ಹಿಡಿದು ಹೋಗಿ, ಅಮ್ಮ ಎರಡು ಸಲ ಮುಚ್ಚಿದ ಗೇಟು ನೋಡಿ ವಾಪಸು ಬಂದಳು. ಎರಡನೆಯ ಸಲ ಸೂಪರ್‌ವೈಸರ್ ಹೊರಗೆ ಬಂದು, ಇನ್ನೊಂದು ಸಲ ಹೀಗಾದರೆ ಪೊಂಗಲ್‌ವರೆಗೆ ಕಾಯುವುದಿಲ್ಲ, ಅಂದೇ ಹೆಸರು ಹೊಡೆದುಹಾಕುತ್ತೇನೆ ಎಂದರಂತೆ. ಅದನ್ನು ಹೇಳುವಾಗ ಅಮ್ಮ ನಮ್ಮ ಮುಖ ನೋಡಲಿಲ್ಲ. ಅಕ್ಕಿ ಆರಿಸುತ್ತಿದ್ದಳು. ಅದರಲ್ಲಿ ಕಲ್ಲಿರಲಿಲ್ಲ.

ಸಮೀಕ್ಷೆಗೆ ಇಬ್ಬರು ಬಂದರು. ತಂಗುದಾಣದಲ್ಲಿ ಕೂತು ಎಷ್ಟು ಜನ ಬಸ್ಸಿಗೆ ಕಾಯುತ್ತಾರೆ ಎಂದು ಎಣಿಸಿದರು. ಬಸ್ಸೇ ಇಲ್ಲದ ಕಾರಣ ಯಾರೂ ಕಾಯುತ್ತಿರಲಿಲ್ಲ. ಅವರು ಪೆನ್ನು ಮುಚ್ಚುವುದನ್ನು ಕಂಡ ಅಧ್ಯಕ್ಷರು ಟೀ ಅಂಗಡಿಗೆ ಓಡಿದರು, ಅಂಗಡಿಯವರ ಕಾಲು ಹಿಡಿಯುವುದೊಂದು ಬಾಕಿ. ಬಸ್ಸು ನಿಂತ ಮೇಲೆ ಕಾಯುವವರಿಲ್ಲದೆ ಬೋಂಡ ಉಳಿಸಿಕೊಂಡಿದ್ದ ಅಂಗಡಿಯವರು ಇವತ್ತು ಬೋಂಡ ಬಿಟ್ಟಿ ಎಂದು ಕೂಗಿದರು. ಐದೇ ನಿಮಿಷದಲ್ಲಿ ತಂಗುದಾಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ನಮ್ಮ ಮಾರ್ಗಕ್ಕೆ ಭಾರಿ ಬೇಡಿಕೆಯಿದೆ ಎಂದು ವರದಿ ಹೋಯಿತು. ಆ ಬೇಡಿಕೆಯಲ್ಲಿ ನಾನು ಎರಡು ತಿಂದಿದ್ದೆ.

ನವೆಂಬರ್ ಕೊನೆಯ ಸೋಮವಾರ ಬೆಳಿಗ್ಗೆ ಏಳಕ್ಕೆ ಉದ್ಘಾಟನೆ ಎಂದು ಗೊತ್ತಾಯಿತು. ಹೊಸ ಬಸ್ಸು ಎಂದು ಬಂದದ್ದು ಹಳೆಯ ಬಸ್ಸೇ. ಬಾಗಿಲ ಪಕ್ಕದ ತಗ್ಗು ಅದೇ, ಡ್ರೈವರ್ ಅವರೇ, ಕಂಡಕ್ಟರ್ ಅವರೇ. ಬದಲಾದದ್ದು ನಂಬರು ಮಾತ್ರ. ಮುಂದಕ್ಕೆ ಬಾಳೆಕಂದು ಕಟ್ಟಿದ್ದರು, ಅಡ್ಡಕ್ಕೆ ರಿಬ್ಬನ್ನು, ಚಕ್ರಗಳ ಕೆಳಗೆ ನಿಂಬೆಹಣ್ಣು. ಸೈಟಿನ ಮಾಲೀಕರು ಖರ್ಚೆಲ್ಲ ತಮ್ಮದೆಂದು ಹೇಳಿ, ಎರಡನೆಯ ಹಂತದ ಸೈಟುಗಳ ಬ್ಯಾನರನ್ನು ಬಸ್ಸಿಗಿಂತ ಎತ್ತರಕ್ಕೆ ಕಟ್ಟಿಸಿದ್ದರು. ಹೂವಿನ ಕಂಪನಿಯ ಹೆಂಗಸರನ್ನು ಸಾರ್ವಜನಿಕರೆಂದು ಗುರುತಿಸಿ, ಫೋಟೋಗೆ ಕಾಣಲಿ ಎಂದು ಆರೂವರೆಗೇ ಬಸ್ಸಿನೊಳಗೆ ಕೂರಿಸಲಾಯಿತು. ಅಮ್ಮನಿಗೆ ಕಿಟಕಿಯ ಸೀಟು ಸಿಕ್ಕಿತು. ನನ್ನ ಕೈಗೆ ಕಲ್ಲುಸಕ್ಕರೆ ಮತ್ತು ಗಂಧದ ತಟ್ಟೆ ಕೊಟ್ಟು ದಾರಿಯ ಪಕ್ಕ ನಿಲ್ಲಿಸಿದರು.

ದೊಡ್ಡವರು ಬಂದದ್ದು ಏಳೂ ಇಪ್ಪತ್ತಕ್ಕೆ. ಅವರನ್ನು ಸ್ವಾಗತಿಸಲು ಅಧ್ಯಕ್ಷರು ರೇಷ್ಮೆ ಪಂಚೆ ಉಟ್ಟು ನಿಂತಿದ್ದರು. ತಮಿಳಿನಲ್ಲಿ ಸ್ವಾಗತಿಸಿದರು, ಅದನ್ನೇ ಕನ್ನಡದಲ್ಲಿ ಹೇಳಿದರು, ಯಾರಿಗೂ ಬೇಸರವಾಗಬಾರದೆಂದು ತೆಲುಗಿನಲ್ಲೂ ಹೇಳಿದರು. ಹಾರಗಳು ಮುಗಿಯುವಷ್ಟರಲ್ಲಿ ಯಾರೋ ಗಡಿಯಾರ ನೋಡಿ ಮಾಲೀಕರ ಕಿವಿಯಲ್ಲಿ ಪಿಸುಗುಟ್ಟಿದರು. ಮಾಲೀಕರ ಮುಖ ಕಪ್ಪಿಟ್ಟಿತು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಆಗ ತಾನೇ ಶುರುವಾಗಿತ್ತು.

ರಾಹುಕಾಲದಲ್ಲಿ ಹೊಸ ಬಸ್ಸು ಹೊರಡಿಸುವುದು ಯಾರಿಂದಲೂ ಆಗದ ಮಾತು. ಒಂಬತ್ತರವರೆಗೆ ಸಮಯ ಕಳೆಯಬೇಕಿತ್ತು. ದೊಡ್ಡವರಿಗೆ ಮೈಕು ಕೊಟ್ಟು, ವಿವರವಾಗಿ ಮಾತಾಡಿ ಅಯ್ಯಾ ಎಂದು ವಿನಂತಿಸಿದರು. ಅವರಿಗೆ ಹಾಗೆ ಯಾರೂ ಹಿಂದೆಂದೂ ಕೇಳಿಕೊಂಡಿರಲಿಲ್ಲವೆಂದು ಕಾಣುತ್ತದೆ. ತುಂಬು ಸಂತೋಷದಿಂದ ಚಕ್ರವನ್ನು ಕಂಡುಹಿಡಿದ ಮನುಷ್ಯನಿಂದ ಆರಂಭಿಸಿದರು.

ಹೀಗೆ ಮೊದಲು ನಿಲ್ಲದೆ ಹೋಗುತ್ತಿದ್ದ, ಆಮೇಲೆ ನಿಂತೇ ಹೋಗಿದ್ದ ಬಸ್ಸು ಕೊನೆಗೂ ನಮ್ಮ ತಂಗುದಾಣದಲ್ಲಿ ನಿಂತಿತು. ಹೋಗಲಿಲ್ಲ.

ಅಮ್ಮ ಕಿಟಕಿಯಿಂದ ನನ್ನನ್ನು ನೋಡಿ ಮಣಿಕಟ್ಟು ತೋರಿಸಿದಳು. ನಾನು ಟೈಮು ಹೇಳಿದೆ. ಅವಳು ಕಂಡಕ್ಟರನ್ನು ಕರೆದಳು. ಕೊರಳಿಗೆ ಬಿದ್ದ ಚೆಂಡುಹೂವಿನ ಹಾರ ಮೂಗಿಗೆ ತಾಗಿ ಸೀನುತ್ತ ನಿಂತಿದ್ದ ಅವರು, ಅಯ್ಯಾ ಮಾತು ಮುಗಿಸಲಿ ಅಕ್ಕಾ, ರಾಹುಕಾಲ ಬೇರೆ ಇದೆ ಎಂದು ಕೈ ಮುಗಿದರು.

"ರಾವುಕಾಲ ನಿಮ್ ಬಸ್ಸಿಗಣ್ಣ. ನಮ್ ಗೇಟಿಗಿಲ್ಲ. ಇವತ್ತು ಒಳಕ್ಕೆ ಬಿಡದಿದ್ರೆ ನನ್ನ ಕೆಲ್ಸ ಹೋಯ್ತು."

ಕಂಡಕ್ಟರ್ ಮೈಕಿನ ಕಡೆ ನೋಡಿದರು. ಭಾಷಣ ಎತ್ತಿನ ಗಾಡಿಯವರೆಗೆ ಬಂದಿತ್ತು.

ಆ ಬಸ್ಸಿಗೆ ಒಂದು ಕಾಯಿಲೆಯಿತ್ತು. ಎಂಜಿನ್ ಆಫ್ ಮಾಡಿದರೆ ಮತ್ತೆ ತಳ್ಳಬೇಕು. ದೊಡ್ಡವರ ಮುಂದೆ ತಳ್ಳಿಸುವುದು ಅವಮಾನವೆಂದು ಡ್ರೈವರ್ ಎಂಜಿನ್ನನ್ನು ಚಾಲೂ ಇಟ್ಟು, ಸ್ಟೀರಿಂಗಿಗೆ ಗಲ್ಲ ಆನಿಸಿ ತೂಕಡಿಸುತ್ತಿದ್ದರು. ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು; ಎಷ್ಟೋ ವರ್ಷದಿಂದ ಅವರ ಕೈಕಾಲಿಗೆ ಇದಕ್ಕಿಂತ ಹೆಚ್ಚಿನ ಆಜ್ಞೆ ಬೇಕಿರಲಿಲ್ಲ. ಅಮ್ಮ ಚಿಕ್ಕವಳಿದ್ದಾಗ ಮಾಲೂರಿನ ಹತ್ತಿರದ ರಾಗಿ ಹೊಲದಲ್ಲಿ ಹಕ್ಕಿ ಕಾದವಳು. ಬಾಯಿಗೆ ಎರಡು ಬೆರಳಿಟ್ಟಳೆಂದರೆ ನಾಲ್ಕು ಹೊಲ ದಾಟಿ ಕೇಳುವಂತೆ ಸಿಳ್ಳೆ ಹಾಕುವುದು ಅವಳಿಗೆ ಬರುತ್ತಿತ್ತು ಎಂಬುದು ಆವರೆಗೆ ನನಗೆ ಗೊತ್ತಿರಲಿಲ್ಲ.

ಎರಡು ಸಿಳ್ಳೆ ಕೇಳಿಸಿದವು. ಡ್ರೈವರ್ ಕಣ್ಣು ಪೂರ್ತಿ ಬಿಡುವ ಮೊದಲೇ ಅವರ ಕಾಲು ಕ್ಲಚ್ಚು ತುಳಿದು ಕೈ ಗೇರು ಹಾಕಿತ್ತು. ನಿಂಬೆಹಣ್ಣುಗಳು ಚಿಟಿಲೆಂದವು. ರಿಬ್ಬನ್ನು ಮೂತಿಗೆ ಸುತ್ತಿಕೊಂಡು, ಬಾಳೆಕಂದು ಅಲ್ಲಾಡಿಸುತ್ತ ಬಸ್ಸು ಹೊರಟೇಹೋಯಿತು. ಫೋಟೋಗೆಂದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ ಅಧ್ಯಕ್ಷರಿಗೆ ಇನ್ನೊಂದು ಕಾಲನ್ನೂ ಮೇಲಕ್ಕೆ ಎಳೆದುಕೊಳ್ಳದೆ ಬೇರೆ ದಾರಿಯಿರಲಿಲ್ಲ. ದೊಡ್ಡವರು ಅನುಭವಸ್ಥರು. ಒಂದು ಕ್ಷಣವೂ ತಡವರಿಸದೆ ಪಕ್ಕದವರ ಕೈಯಿಂದ ಹಸಿರು ಬಾವುಟ ಕಿತ್ತುಕೊಂಡು, ಹೋಗುತ್ತಿರುವ ಬಸ್ಸಿನ ಬೆನ್ನಿಗೆ ಬೀಸಿದರು. ಮರುದಿನದ ಪೇಪರಿನ ಫೋಟೋದಲ್ಲಿ ಎಲ್ಲವೂ ಕ್ರಮವಾಗಿ ನಡೆದಂತೆ ಕಾಣುತ್ತಿತ್ತು.

ಮುಂದಿನದು ಅಮ್ಮ ಸಂಜೆ ಹೇಳಿದ್ದು. ಕಂಡಕ್ಟರ್ ಮೊದಲು ಬಿಳಿಚಿಕೊಂಡರು, ಆಮೇಲೆ ಹಾರ ತೆಗೆದು ಟಿಕೆಟ್ ಹರಿಯಲು ಶುರು ಮಾಡಿದರು. ರಾಹುಕಾಲದಲ್ಲಿ ಹೊರಟೆನಲ್ಲ ಎಂಬ ಹೆದರಿಕೆಗೆ ಡ್ರೈವರ್ ಅಂದು ಆ ಬಸ್ಸಿಗೆ ಸಾಧ್ಯವೆಂದು ಯಾರೂ ನಂಬದ ವೇಗದಲ್ಲಿ ಕಾಡು ದಾಟಿಸಿದರು. ಆನೆಗಳಿರಲಿಲ್ಲ. ಕಂಪನಿಯ ವಾಚ್‌ಮನ್ ಗೇಟಿನ ಒಂದು ಬಾಗಿಲು ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದ. ಬಾಳೆಕಂದು, ಹಾರ, ರಿಬ್ಬನ್ನು ಹೊತ್ತ ಬಸ್ಸು ಬರುವುದನ್ನು ಕಂಡು ಯಾರೋ ಮಂತ್ರಿಯ ಭೇಟಿಯಿರಬೇಕೆಂದು ಗಾಬರಿಯಾಗಿ ಎರಡೂ ಬಾಗಿಲು ಪೂರ್ತಿ ತೆರೆದು ಸೆಲ್ಯೂಟ್ ಹೊಡೆದ. ಹೆಂಗಸರೆಲ್ಲ ಆ ಸೆಲ್ಯೂಟಿನ ಕೆಳಗೆ ಸಾಲಾಗಿ ನಡೆದು ಒಳಗೆ ಹೋದರು. ಕೊನೆಯಲ್ಲಿ ಮರ್ಯಾದೆಗೆ ಕೆಳಗಿಳಿದು ನಿಂತ ರೇಷ್ಮೆ ಪಂಚೆಯ ಅಧ್ಯಕ್ಷರಿಗೆ ಸೂಪರ್‌ವೈಸರ್ ಓಡಿಬಂದು ಒಂದು ಕಟ್ಟು ಕೆಂಪು ಗುಲಾಬಿ ಕೊಟ್ಟರು. ಅವರು ಅದನ್ನು ಮೂರು ಭಾಷೆಯಲ್ಲಿ ಸ್ವೀಕರಿಸಿದರು.

ಅಧ್ಯಕ್ಷರು ಉದ್ದನಪಲ್ಲಿಯವರೆಗೂ ಹೋಗಿ ಅದೇ ಬಸ್ಸಿನಲ್ಲಿ ವಾಪಸಾದರು. ಆ ಬಸ್ಸನ್ನು ಅವರು ಹತ್ತಿದ್ದು ಅದೇ ಮೊದಲು. ದಾರಿಯ ಹಳ್ಳಿಗಳಲ್ಲಿ ಹುಣಸೆ ಮರದ ಕೆಳಗೆ ನಿಂತಿದ್ದವರು ಹತ್ತಿ, ಇಷ್ಟು ದಿನ ಬಸ್ಸನ್ನು ಕಿತ್ತುಹಾಕಿದ್ದು ಯಾವ ನಗರದವರೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರಂತೆ. ಸೊಪ್ಪಿನ ಮೂಟೆಯ ಒಬ್ಬ ಮುದುಕಿ, ಆಸ್ಪತ್ರೆಗೆ ಹೋಗಲಾಗದೆ ಕಣ್ಣಿನ ಚಿಕಿತ್ಸೆ ಅರ್ಧಕ್ಕೆ ಬಿಟ್ಟದ್ದನ್ನು ಪಕ್ಕದಲ್ಲಿ ಕೂತ ಅಧ್ಯಕ್ಷರಿಗೇ ಹೇಳಿದಳು. ಅವರು ಗುಲಾಬಿ ಕಟ್ಟನ್ನು ಅವಳಿಗೆ ಕೊಟ್ಟು, ತಾವು ಮತ್ತಿಗಿರಿಯವರು ಎಂದರು. ಇದನ್ನು ಕಂಡಕ್ಟರ್ ಅಮ್ಮನಿಗೆ ಹೇಳಿದ್ದು.

ಸಿಳ್ಳೆಯ ಬಗ್ಗೆ ವಿಚಾರಣೆಯಾಯಿತು. ತಪ್ಪು ಕಂಡಕ್ಟರ್ ತಲೆಗೆ ಬೀಳುವ ಸೂಚನೆ ಕಂಡೊಡನೆ ಅಮ್ಮ ಡಿಪೋಗೆ ಹೋಗಿ ಸಿಳ್ಳೆ ಹಾಕಿದ್ದು ತಾನೆಂದಳು. ಅಧಿಕಾರಿ ಬಹಳ ಹೊತ್ತು ನಿಯಮದ ಪುಸ್ತಕ ತಿರುವಿದರು. ಸೀಟಿಯ ಬಗ್ಗೆ ನಿಯಮವಿತ್ತು. ಬೆರಳಿನ ಬಗ್ಗೆ ಇರಲಿಲ್ಲ. ಕೊನೆಗೆ, ಹೆಂಗಸರು ಹಾಗೆಲ್ಲ ಸಿಳ್ಳೆ ಹಾಕಬಾರದಮ್ಮ ಎಂದಷ್ಟೇ ಹೇಳಿ ಕಳಿಸಿದರು. ಅಮ್ಮ ಆಗಲಿ ಸಾರ್ ಎಂದು ಬಂದಳು.

ಪೊಂಗಲ್ ಹಿಂದಿನ ದಿನ ಹೂವಿನ ಶೆಡ್ಡಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಹೆಸರು ಓದಿದರು. ಅಮ್ಮ ಬಸ್ಸಿಳಿದು ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಇದ್ದರು. ಏನಾಯಿತೆಂದು ಕೇಳುವ ಧೈರ್ಯವಿಲ್ಲದೆ, ಬಸ್ಸು ನಿಲ್ಲಿಸಿದನಾ ಎಂದು ಕೇಳಿದರು.

"ನಿಲ್ಸಿದ. ಕಾಯಂ ಮಾಡವ್ರೆ," ಎಂದಳು ಅಮ್ಮ, ಚಪ್ಪಲಿ ಬಿಡುತ್ತ. "ಕಂಪ್ನಿ ವ್ಯಾನು ಬೇಕಾದೋರು ಅರ್ಜಿ ಬರ್ಕೊಡಿ ಅಂದ್ರು. ನಾನು ಬರ್ಕೊಡ್ನಿಲ್ಲ."